ಏರು ಹತ್ತುವ ಕಾರು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ಒಬ್ಬಳು ರಾಜಕುಮಾರಿ ಕುದುರೆ ಹುಡುಕುತ್ತ ಪುತ್ತೂರಿಗೆ ಬಂದಳು. ಕುದುರೆಗೆ ನಾಲ್ಕು ಚಕ್ರ ಇರಬೇಕಿತ್ತು. ಬೆಲೆ ಎರಡು ಲಕ್ಷ ದಾಟಬಾರದಿತ್ತು.

ರಾಜಕುಮಾರಿಯ ಹೆಸರು ಮೋಕ್ಷಿತಾ. ಅಣ್ಣ ರೂಪೇಶನ ಮದುವೆಯ ದಿಬ್ಬಣಕ್ಕೆ ಸ್ವಂತ ಕಾರನ್ನು ತಾನೇ ಓಡಿಸಿಕೊಂಡು ಬರುತ್ತೇನೆಂದು ನೆಂಟರೆದುರು ಜಂಬ ಕೊಚ್ಚಿದ್ದಳು. ತಪ್ಪಿದರೆ ಬಾಡಿಗೆ ವ್ಯಾನಿನ ಹಿಂದಿನ ಸೀಟು, ಜತೆಗೆ ಜೀವಮಾನಕ್ಕಾಗುವಷ್ಟು ನಗೆ. ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಜೊತೆಗೆ ಹೊರಟವರು ಅಜ್ಜಿ ಶೀಲಾವತಿ ಒಬ್ಬರೇ, ಉಬ್ಬಿದ ಬಟ್ಟೆಚೀಲವನ್ನು ಎದೆಗವಚಿಕೊಂಡು.

"ದಿಬ್ಬಣಕ್ಕೆ ಮೊದಲು ಕೆಲಸ ಮುಗಿಸುದು ನನ್ನ ಜವಾಬ್ದಾರಿ" ಅಂದರು.

ಹಳೆ ಕಾರು ಮಾರುವ ಸಫೀರ್ ಮೊದಲು ಕೆಂಪು ಕಾರು ತೋರಿಸಿದ. ಮೋಕ್ಷಿತಾ ಟಯರಿಗೆ ಮೆಲ್ಲನೆ ಒದ್ದಳು. ಬಾನೆಟ್ ಎತ್ತಿಸಿ ಗಂಭೀರವಾಗಿ ತಲೆಯಾಡಿಸಿದಳು. ಒಳಗೆ ಅವಳಿಗೆ ಗುರುತು ಸಿಕ್ಕಿದ್ದು ನೀರಿನ ಡಬ್ಬಿ ಮಾತ್ರ. ಆದರೂ ಕಾರು ತನ್ನನ್ನೇ ನೋಡಿ ಕಣ್ಣು ಮಿಟುಕಿಸಿತು ಅನ್ನಿಸಿತು. ಸಫೀರ್ ಇಂಡಿಕೇಟರ್ ಹಾಕಿ ನೋಡುತ್ತಿದ್ದ.

"ಓಡಿಸಿ ನೋಡ್ಬೇಕು," ಅಂದರು ಅಜ್ಜಿ. "ನಮ್ಮ ನೆಂಟರೆಲ್ಲ ಇರುದು ಗುಡ್ಡದ ಮೇಲೆ. ಅಲ್ಲಿಗೆ ಹತ್ತದ ಕಾರು ಎಂತಕ್ಕೆ?"

ಕುಂಬ್ರದ ಹತ್ತಿರ ಒಂದು ಏರು ಹತ್ತಿಸಿದ್ದಾಯಿತು. ಅಲ್ಲಿ ಅಜ್ಜಿಗೆ ಬಾಯಾರಿಕೆ. ಪರಿಚಯದ ದಮಯಂತಿಯಕ್ಕನ ಮನೆಯೊಳಗೆ ಹೋಗಿ ಬಂದರು. ದಮಯಂತಿಯಕ್ಕ ಅಂಗಳದವರೆಗೆ ಬಂದು, "ಖಂಡಿತ ಬರ್ತೇವೆ. ಬರದೆ ಇರ್ತೇವಾ?" ಅಂದರು. ತನ್ನ ಕಾರು ನೋಡಲಿಕ್ಕೆ ಎಂದುಕೊಂಡ ಮೋಕ್ಷಿತಾ ಸ್ಟಿಯರಿಂಗ್ ಹಿಡಿದೇ ಬೆನ್ನು ನೆಟ್ಟಗೆ ಮಾಡಿದಳು.

"ಇದು ಬೇಡ," ಅಂದರು ಅಜ್ಜಿ. "ಹಾರ್ನಿಗೆ ಶೀತ ಆಗಿದೆ."

ಮರುದಿನ ಬಿಳಿ ಕಾರು, ಕಾಣಿಯೂರಿಗೆ. ಅಲ್ಲಿ ಅಜ್ಜಿಗೆ ನಾಲ್ಕು ಮನೆಗಳಲ್ಲಿ ಬಾಯಾರಿಕೆ. ಬಿಳಿಗೆ ಬೇಗ ಕೊಳೆಯಾಗುತ್ತದೆ, ಬೇಡ. ಆಮೇಲೆ ನೀಲಿ, ಮರ್ಕಂಜಕ್ಕೆ. ಅಜ್ಜಿಯ ಕಥೆಗಳಲ್ಲಿ ಮೂರನೆಯ ಕುದುರೆಗೇ ರೆಕ್ಕೆ ಇರುವುದು. ಇದಕ್ಕೆ ಕನ್ನಡಿಯೂ ಒಂದೇ ಬದಿಗೆ ಇತ್ತು. ಮರ್ಕಂಜದಲ್ಲಿ ಮನೆಗಳ ಲೆಕ್ಕವೇ ತಪ್ಪಿತು. ನೀಲಿಯ ಬಾಗಿಲು ಹಾಕುವಾಗ ಯಾರೋ ಬೈದ ಹಾಗೆ ಕೇಳುತ್ತದೆ, ಅದೂ ಬೇಡ.

ದಿಬ್ಬಣಕ್ಕೆ ವಾರ ಉಳಿಯಿತು.

"ಅಜ್ಜಿ, ಇನ್ನು ತೋರಿಸ್ಲಿಕ್ಕೆ ನನ್ನ ಸ್ಕೂಟರ್ ಮಾತ್ರ ಉಂಟು," ಸಫೀರ್ ಕೈಮುಗಿದ. ಮೋಕ್ಷಿತಾಳ ಕಣ್ಣ ಮುಂದೆ ವ್ಯಾನಿನ ಹಿಂದಿನ ಸೀಟು ಬಂದು ನಿಂತಿತು.

ಅಜ್ಜಿ ಜೋತುಬಿದ್ದ ಚೀಲದೊಳಗೆ ಕೈಹಾಕಿ ತಡಕಾಡಿದರು. "ಆ ಮೊದಲಿನ ಕೆಂಪೇ ಆಗ್ಬಹುದು."

"ಹಾರ್ನಿಗೆ ಶೀತ ಅಂದಿದ್ರಲ್ಲ ಅಜ್ಜಿ?" ಅಂದಳು ಮೋಕ್ಷಿತಾ.

"ಈಗ ಗುಣ ಆಗಿರ್ತದೆ."

ಚೀಲದಿಂದ ಹೊರಬಂದದ್ದು ಒಂದೇ ಒಂದು ಕಾಗದ, ಮೂಲೆಗೆ ಅರಿಶಿನ ಹಚ್ಚಿದ್ದು. ಅದನ್ನು ಎರಡೂ ಕೈಯಲ್ಲಿ ಸಫೀರನ ಮುಂದೆ ಹಿಡಿದರು ಅಜ್ಜಿ.

"ರೂಪೇಶನ ಮದುವೆಗೆ ನೀನೂ ಬರ್ಬೇಕು. ಇವಳಪ್ಪ ವಾಟ್ಸಾಪಲ್ಲಿ ಕರೆದ್ರೆ ಸಾಕು ಅಂದಿದ್ದ. ನಿನ್ನ ಕಾರುಗಳಿಂದಾಗಿ ಮೂರು ತಾಲೂಕಿನ ಮನೆ ಮನೆಗೂ ಹೋಗಿ ಹೇಳಿ ಆಯ್ತು ಮಾರಾಯ."