ಮೂರನೆಯ ಕೂಗು

ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಆರಿಸಿ ಬನ್ನಿ... ಇದು ನಿಧಾನವಾಗಿ ಓದಬೇಕಾದ ಕಥೆ.

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬ ತಾಯಿ ಇದ್ದಳು. ಹೆಸರು ಕುಮುದಾ. ಗಂಡ ಲೋಕೇಶ ಗೂಡ್ಸ್ ರೈಲಿನ ಗಾರ್ಡ್... ಎರಡು ದಿನ ಹಳಿಯ ಮೇಲೆ, ಒಂದು ದಿನ ಮನೆಯಲ್ಲಿ. ಆ ಒಂದು ದಿನವೂ ನಿದ್ದೆಯಲ್ಲಿ.

ವರ್ಗವಾಗಿ ಬಂದು ಐದು ತಿಂಗಳಾಗಿತ್ತು. ಅಕ್ಕಪಕ್ಕದವರ ಮುಖ ಗೊತ್ತು, ಹೆಸರು ಗೊತ್ತಿಲ್ಲ.

ಆರು ವರ್ಷದ ಮಗಳು ಸಿಂಚನ, ಎರಡೂವರೆಯ ಮಗ ಪಾಪು. ಬೆಳಗಾದರೆ ಸಾಕು, ಮನೆ ತುಂಬ 'ಅಮ್ಮಾ... ಅಮ್ಮಾ...'

ಆದರೆ 'ಕುಮುದಾ' ಎಂದು ಕರೆಯುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಬಿಸಿ ಕಾಫಿಯ ರುಚಿಯೇ ಅವಳಿಗೆ ಮರೆತುಹೋಗಿತ್ತು. ಒಂದು ಗುಟುಕು ಇಳಿಯುವಷ್ಟರಲ್ಲಿ ಒಬ್ಬಳು ಏನಾದರೂ ಚೆಲ್ಲುತ್ತಿದ್ದಳು, ಇನ್ನೊಬ್ಬ ಅದರಲ್ಲೇ ಜಾರಿ ಬೀಳುತ್ತಿದ್ದ.

ಕೊನೆಗೊಂದು ದಿನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಒಂದು ಕರಾರು ಮಾಡಿಕೊಂಡಳು.

"ನೋಡ್ರೋ, ಸಾಯಂಕಾಲ ಕುಕ್ಕರ್ ಇಟ್ಟು ಅಡುಗೆಮನೆ ಬಾಗ್ಲು ಹಾಕ್ಕೋತೀನಿ. ಮೂರು ಸಲ ಕೂಗೋವರೆಗೂ ಯಾರೂ ಅಮ್ಮಾ ಅನ್ನಂಗಿಲ್ಲ. ಮೂರನೇದು ಕೂಗಿದ ತಕ್ಷಣ ಬಂದು ಕೈತುತ್ತು ಹಾಕ್ತೀನಿ. ಆಯ್ತಾ?"

"ಬಿದ್ದು ರಕ್ತ ಬಂದ್ರೆ?" ಎಂದಳು ಸಿಂಚನ.

"ರಕ್ತ ಬಂದ್ರೆ ಕರೀಬಹುದು."

"ಸ್ವಲ್ಪಾನೇ ಬಂದ್ರೆ?"

"ತರಲೆ! ಸ್ವಲ್ಪಾನೇ ಬಂದ್ರೆ ಮೂರನೇ ಕೂಗಿಗೆ ಕಾಯ್ಬೇಕು."

ಹೀಗೆ ಅವಳಿಗೆ ದಿನಕ್ಕೊಂದು ಕಾಲು ಗಂಟೆ ಸಿಕ್ಕಿತು... ಒಂದು ಲೋಟ ಬಿಸಿ ಕಾಫಿ, ಕಿಟಕಿಯಾಚೆ ಕೆಂಪಾಗಿ ಹಸಿರಾಗುವ ಸಿಗ್ನಲ್ ದೀಪ, ಯಾರೂ ಏನನ್ನೂ ಕೇಳದ ಮೌನ.

ಆದರೆ ಮೂರು ಕೂಗು ಎಷ್ಟು ಬೇಗ ಮುಗಿದುಬಿಡುತ್ತದೆ...

ಒಂದು ಸಂಜೆ ಲೋಕೇಶನ ಫೋನ್ ಬಂತು. "ಮಕ್ಳು ಊಟ ಮಾಡಿದ್ರಾ?"

"ಇನ್ನೂ ಇಲ್ಲ. ರೀ, ನಂಗೆ..."

"ಸಿಗ್ನಲ್ ಬಿತ್ತು ಕಣೇ, ಇಡ್ತೀನಿ."

'ನೀನು ಹೇಗಿದ್ದೀಯ' ಎಂಬ ಮಾತು ಎರಡು ಸ್ಟೇಷನ್ನುಗಳ ನಡುವೆ ಎಲ್ಲೋ ಉಳಿದುಹೋಯಿತು.

ಅಂದು ಕುಮುದಾ ಬಾಗಿಲು ಮುಚ್ಚಿದವಳೇ ಕುಕ್ಕರಿನ ವೆಯ್ಟ್ ತೆಗೆದು ಬೆಲ್ಲದ ಡಬ್ಬಿಯಲ್ಲಿ ಇಟ್ಟುಬಿಟ್ಟಳು.

ವೆಯ್ಟ್ ಇಲ್ಲದ ಕುಕ್ಕರ್ ಕೂಗುವುದಿಲ್ಲ... ಉಸ್ಸೆಂದು ಉಗಿ ಬಿಡುತ್ತ ಕೂತಿರುತ್ತದೆ, ಅವಳ ಹಾಗೆಯೇ.

ಮನಸ್ಸು ಸಾಕೆಂದ ಮೇಲೆ ವೆಯ್ಟ್ ಇಟ್ಟು ಮೂರು ಸಲ ಕೂಗಿಸಿ, ನಗುತ್ತ ಹೊರಗೆ ಬಂದಳು. ಮರುದಿನವೂ ಹಾಗೆಯೇ ಮಾಡಿದಳು. ಆಮೇಲೆ ಅದೇ ರೂಢಿಯಾಯಿತು, ವೆಯ್ಟಿಗೆ ಬೆಲ್ಲದ ಡಬ್ಬಿಯೇ ಕಾಯಂ ಜಾಗವಾಯಿತು. ಕಾಲು ಗಂಟೆ ಮುಕ್ಕಾಲು ಗಂಟೆಯಾಯಿತು.

ಮಕ್ಕಳು ಕರೆಯಲಿಲ್ಲ. ಚಿಕ್ಕವು, ಅವಕ್ಕೇನು ತಿಳಿಯುತ್ತದೆ ಎಂದುಕೊಂಡಳು.

ಒಂದು ಶನಿವಾರ ಕಿಟಕಿಯ ಬಳಿ ಕೂತವಳಿಗೆ ಹಾಗೆಯೇ ಜೊಂಪು ಹತ್ತಿತು. ಎಚ್ಚರವಾದದ್ದು ಸೀದ ಅನ್ನದ ವಾಸನೆಗೆ. ಧಡಕ್ಕನೆದ್ದು ಒಲೆ ಆರಿಸಿದಳು.

ಆಗ ಬಾಗಿಲಾಚೆಯಿಂದ ಒಂದು ಸಣ್ಣ ಸದ್ದು ಕೇಳಿಸಿತು...

"ಕೂ...ಊ...ಊ... ನೋಡು ಪಾಪು, ಒಂದಾಯ್ತು."

"ಅಮ್ಮ ಬೇಕು..."

"ಅಳ್ಬಾರ್ದು ಕಣೋ. ಅತ್ರೆ ಕುಕ್ಕರ್‌ಗೆ ಭಯ ಆಗಿ ಕೂಗೋದೇ ಇಲ್ಲ. ತಗೋ, ಕೂ...ಊ... ಎರಡಾಯ್ತು!"

ಆಮೇಲೆ ಪಾಪು ಕೇಳಿದ, "ಮೂರು?"

"ಮೂರನೇದು ನಂಗೆ ಕೂಗಕ್ಕೆ ಬರಲ್ಲ ಕಣೋ... ಅದು ಅಮ್ಮಂದು."

ಕುಮುದಾ ಬಾಗಿಲು ತೆರೆದಳು. ಬಾಗಿಲಿಗೇ ಒರಗಿ ಕೂತಿದ್ದ ಸಿಂಚನ ಹಿಂದಕ್ಕೆ, ಅವಳ ಕಾಲ ಮೇಲೆಯೇ ವಾಲಿಬಿದ್ದಳು. ತೊಡೆಯ ಮೇಲೆ ತಮ್ಮ... ಪಕ್ಕದಲ್ಲಿ ಮೂರು ತಟ್ಟೆ, ಮೂರು ಲೋಟ.

ಮಗಳ ಮೊಣಕಾಲು ತರಚಿತ್ತು. ರಕ್ತ ಆಗಲೇ ಒಣಗಿತ್ತು.

"ಇದ್ಯಾವಾಗ ಆಯ್ತೇ? ಯಾಕೆ ಕರೀಲಿಲ್ಲ?"

"ಸ್ವಲ್ಪಾನೇ ಬಂದಿತ್ತಮ್ಮಾ..."

ಕುಮುದಾ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಮಗಳು ಮೆಲ್ಲಗೆ ಹೇಳಿದಳು, "ಅಮ್ಮಾ, ವೆಯ್ಟು ಬೆಲ್ಲದ ಡಬ್ಬೀಲಿ ಇರುತ್ತೆ ಅಂತ ನಂಗೆ ಗೊತ್ತು. ಬೆಲ್ಲ ಕದಿಯಕ್ಕೆ ಹೋದಾಗ ನೋಡ್ದೆ."

"ಮತ್ಯಾಕೆ ಹೇಳ್ಲಿಲ್ಲ ಕಂದಾ?"

"ಲೇಟಾಗಿ ಬಂದ್ರೆ ನೀನು ನಗ್ತಾ ಬರ್ತೀಯ... ಅದಕ್ಕೆ."

ತನಗೊಬ್ಬಳಿಗೇ ಒಂಟಿತನ ಎಂದುಕೊಂಡಿದ್ದಳು ಆ ತಾಯಿ. ಅದೇ ಬಾಗಿಲಿನ ಆಚೆ ಬದಿಗೆ ಆರು ವರ್ಷದ ಬೆನ್ನೊಂದು ದಿನವೂ ಒರಗಿ ಕೂತಿತ್ತು.

ಅಂದು ತಳ ಬಿಟ್ಟು ಮೇಲಿನ ಅನ್ನವನ್ನಷ್ಟೇ ತೆಗೆದು, ಮಜ್ಜಿಗೆ ಕಲಸಿ ಕೈತುತ್ತು ಹಾಕಿದಳು. ಪ್ರತಿ ತುತ್ತಿನಲ್ಲೂ ಸೀದ ವಾಸನೆ... ಮಕ್ಕಳು ಒಂದು ಅಗುಳೂ ಬಿಡಲಿಲ್ಲ.

ಊಟದ ನಡುವೆ ಫೋನ್ ಬಂತು. "ಮಕ್ಳು ಊಟ..."

"ಮಾಡ್ತಿದಾರೆ ರೀ. ನಾನು ಹೇಗಿದ್ದೀನಿ ಅಂತ ಒಂದ್ಸಲ ಕೇಳಿ."

ಆಚೆ ಕಡೆ ಹಳಿಗಳ ಸದ್ದಿನ ನಡುವೆ, ಎಷ್ಟೋ ತಿಂಗಳ ನಂತರ... "ಹೇಗಿದ್ದೀಯ, ಕುಮುದಾ?"

ಸೀದ ಅನ್ನದಿಂದಲೇ ಶುರುಮಾಡಿ ಅವಳು ಒಂದೊಂದಾಗಿ ಹೇಳತೊಡಗಿದಳು.

ಈಗ ಆ ಮನೆಯಲ್ಲಿ ಮೊದಲನೆಯ ಕೂಗಿನವರೆಗೆ ಅಮ್ಮ ಒಬ್ಬಳೇ, ಅವಳ ಬಿಸಿ ಕಾಫಿಯೊಂದಿಗೆ. ಆ ಕೂಗಿಗೆ ಬಾಗಿಲು ತೆರೆಯುತ್ತದೆ. ಎರಡನೆಯದರವರೆಗೆ ಸಿಂಚನ ಒಬ್ಬಳೇ ಅಮ್ಮನ ತೊಡೆಯ ಮೇಲೆ. ಮೂರನೆಯದನ್ನು ಮಾತ್ರ ಕುಕ್ಕರಿಗಿಂತ ಮೊದಲು ಪಾಪುವೇ ಕೂಗಿಬಿಡುತ್ತಾನೆ...

*ಒಂದೇ ಬಾಗಿಲಿಗೆ ಒಳಗಿನಿಂದ ಒಬ್ಬರು, ಹೊರಗಿನಿಂದ ಒಬ್ಬರು ಒರಗಿ ಕೂತಿರುತ್ತಾರೆ; ಇಬ್ಬರ ಒಂಟಿತನಕ್ಕೂ ಚಿಲಕ ಒಂದೇ.*

ನಿಮ್ಮ ಬಾಗಿಲಾಚೆ ಇವತ್ತು ಯಾರು ಮೂರನೆಯ ಕೂಗಿಗಾಗಿ ಕಾಯುತ್ತಿದ್ದಾರೆ... ಒಮ್ಮೆಯಾದರೂ ಕಿವಿಗೊಟ್ಟಿದ್ದೀರಾ?