ಬಂಗಲೆಯ ಯಜಮಾನಿ

ತೆರೆಯ ಮೇಲೆ ಬಂಗಲೆಯ ಯಜಮಾನಿ ಬೆನ್ನಿಗೆ ಚೂರಿ ಹಾಕಿಸಿಕೊಂಡು, ಮೆಟ್ಟಿಲ ಮೇಲಿಂದ ಉರುಳಿ ಬಂದು ನಡುಮನೆಯಲ್ಲಿ ಬಿದ್ದಳು. ನಿರ್ದೇಶಕ ಪಕ್ಕದಲ್ಲಿದ್ದ ಹೆಂಡತಿಯನ್ನು ಮೊಣಕೈಯಿಂದ ತಿವಿದ.

"ನಗೇ!"

"ಯಾಕೆ, ಸತ್ತಿದ್ದಕ್ಕಾ?"

"ಚೂರಿ ನೋಡೇ, ಬೆಲೆ ಚೀಟಿ ಇನ್ನೂ ಅಂಟಿಕೊಂಡಿದೆ. ಕಾಮಿಡಿ ಕಣೇ ಅದು! ಹಿಂದೆ ಸಾಹುಕಾರರು ಕೂತಿದ್ದಾರೆ, ನೆನಪಿರಲಿ."

ಹಿಂದಿನ ಸಾಲಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದವರು ವಿತರಕರು. ಅವರು ಕೊಂಡರೆ ಚಿತ್ರ ಊರೂರಲ್ಲಿ ಓಡುತ್ತದೆ, ಕೊಳ್ಳದಿದ್ದರೆ ಮೂಲೆ ಸೇರುತ್ತದೆ. ನಿರ್ದೇಶಕನ ಹೆಂಡತಿಯದು ಒಮ್ಮೆ ಶುರುವಾದರೆ ಅಕ್ಕಪಕ್ಕದವರಿಗೂ ಅಂಟುವ ನಗು. ಆ ನಗುವಿಗೆ ಮರುಳಾಗಿಯೇ ಅವನು ಮದುವೆಯಾದದ್ದು. ಆಮೇಲೆ ಅದನ್ನು ದುಡಿಯಲು ಹಚ್ಚಿದ. ಪ್ರತಿ ಚಿತ್ರ ಮುಗಿದಾಗಲೂ ಅವಳನ್ನು ತಂದು ಕೊಳ್ಳುವವರ ಮುಂದೆ ಕೂರಿಸುತ್ತಿದ್ದ. ಅವಳು ನಗುತ್ತಿದ್ದಳು, ಅವರೂ ನಗುತ್ತಿದ್ದರು, ವ್ಯಾಪಾರ ಕುದುರುತ್ತಿತ್ತು.

ಈ ಸಲದ್ದು ಭೂತಬಂಗಲೆಯ ಕೊಲೆ ರಹಸ್ಯದ ಹಳೇ ಚಿತ್ರಗಳನ್ನು ಗೇಲಿ ಮಾಡುವ ಚಿತ್ರ. ಕಣ್ಣು ಹೊರಳಿಸುವ ಭಾವಚಿತ್ರಕ್ಕೆ ಕಣ್ಣುಬೇನೆ. ಕಿರುಗುಟ್ಟುವ ಬಾಗಿಲು ಕಳಚಿ ನೆಲಕ್ಕಿಟ್ಟರೂ ಕಿರುಗುಟ್ಟುತ್ತದೆ. ಪುಸ್ತಕದ ಕಪಾಟು ತಳ್ಳಿದರೆ ಸುರಂಗ ಇಲ್ಲ, ಒಳಗೆ ಯಾರೋ ಸ್ನಾನ ಮಾಡುತ್ತಿದ್ದಾರೆ. ಅಲ್ಲಿಯವರೆಗೆ ಅವಳೂ ಧಾರಾಳವಾಗಿಯೇ ನಕ್ಕಿದ್ದಳು. ನಗು ನಿಂತದ್ದು ಹೆಣದ ಮೈಮೇಲಿನ ಬೂದು ಸ್ವೆಟರ್ ಕಂಡಾಗ. ಅದು ಅವಳೇ ಹೆಣೆದದ್ದು. ಯಜಮಾನಿಯ ಪಾತ್ರ ಮಾಡಿದ ನಟಿ ಒಂದು ವಾರ ಅವಳ ಅಡುಗೆಮನೆಯಲ್ಲಿ ಬಂದು ಕೂತು, "ನಿಮ್ಮ ಜೊತೆ ಮಾತಾಡ್ತಿದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ ಅಕ್ಕಾ" ಎಂದಿದ್ದಳು. ಸ್ವೆಟರ್ ಚೆನ್ನಾಗಿದೆ ಅಂದದ್ದಕ್ಕೆ ಇವಳು ಅಲ್ಲೇ ಬಿಚ್ಚಿ ಕೊಟ್ಟುಬಿಟ್ಟಿದ್ದಳು. ವಾರವಿಡೀ ಕಾಫಿ ಮಾಡಿಕೊಟ್ಟು ಆ ಪಾತ್ರಕ್ಕೆ ತನ್ನದೇ ಅಳತೆ ಕೊಟ್ಟಿದ್ದೆ ಎಂಬುದು ಈಗ ಹೊಳೆಯಿತು.

ತೆರೆಯ ಮೇಲೆ ಪತ್ತೇದಾರ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದ. "ಈಕೇನ ಕೊಲ್ಲೋಕೆ ಯಾರಿಗೆ ಕಾರಣ ಇತ್ತು?" ಎಲ್ಲರೂ ಕೈಯೆತ್ತಿದರು. ಗೋಡೆಯ ಭಾವಚಿತ್ರವೂ ಚೌಕಟ್ಟಿನಿಂದ ಕೈ ಚಾಚಿತು. "ಊಟಕ್ಕೆ ಬರ್ತೀಯೋ ಇಲ್ವೋ ಅಂತ ದಿನಾ ಫೋನು!" ಎಂದ ಮೈದುನ. "ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಬೇಡಿ ಅಂತ ಪ್ರಾಣ ತಿಂತಾಳೆ" ಎಂದರು ಮಾವ. ಕೊನೆಗೆ ಭೂತ ಮೂಗೊರೆಸಿಕೊಂಡಿತು: "ಯಾರೂ ಇಲ್ಲದ ಕೋಣೇಲಿ ದೀಪ ಯಾಕೆ ಅಂತ ಆರಿಸಿಬಿಡ್ತಾಳೆ ಸ್ವಾಮಿ. ಕತ್ತಲಂದ್ರೆ ನನಗೆ ಭಯ."

ಎಲ್ಲವೂ ನಿರ್ದೇಶಕನ ಹೆಂಡತಿ ಮನೆಯಲ್ಲಿ ದಿನಾ ಆಡುವ ಮಾತುಗಳೇ, ಒಂದಕ್ಷರ ಆಚೀಚೆ ಇಲ್ಲ. ತನ್ನ ಮಾತು ಪಕ್ಕದಲ್ಲಿ ಕೂತ ಈ ಮನುಷ್ಯನ ಕಿವಿಗೇ ಬೀಳುವುದಿಲ್ಲವೆಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಬೀಳುತ್ತಿತ್ತು. ಉತ್ತರ ಕೊಡಲು ಮಾತ್ರ ಅವನಿಗೆ ಪುರುಸೊತ್ತಾಗಿರಲಿಲ್ಲ.

"ಏನಾಯ್ತೇ ನಿನಗೆ? ಸಾಹುಕಾರರು ಆಕಳಿಸ್ತಿದ್ದಾರೆ. ನನ್ನ ಮಾನ ಕಳೀಬೇಡ."

"ಬಂದಾಗ ನಗ್ತೀನಿ ತಡೀರಿ. ನಗು ಏನು ನಲ್ಲೀಲಿ ಬರುತ್ತಾ, ತಿರುಗಿಸಿದ ತಕ್ಷಣ?"

ಅಷ್ಟರಲ್ಲಿ ಪಿಟೀಲು ಅಳತೊಡಗಿತು. ಬಂಗಲೆಯ ಯಜಮಾನ ಹೆಣದ ಪಕ್ಕ ಮಂಡಿಯೂರಿದ. ನಿರ್ದೇಶಕ ಅವಳ ಕೈ ಅದುಮಿ ಪಿಸುಗುಟ್ಟಿದ: "ಇಲ್ಲಿ ಮಾತ್ರ ನಗಬೇಡ. ಇದೊಂದು ಸೀನು ಸೀರಿಯಸ್ಸು. ಇದನ್ನ ನಾನು ನಿನಗೋಸ್ಕರ ಬರೆದಿದ್ದು."

ಯಜಮಾನ ಎದೆ ಬಡಿದುಕೊಂಡ. "ನೀನು ಬಾಯಿ ಬಿಡೋ ಮೊದಲೇ ನಿನ್ನ ಮನಸ್ಸು ನನಗೆ ತಿಳೀತಿತ್ತಲ್ಲೇ! ನಿನ್ನ ಕಣ್ಣಲ್ಲಿ ಒಂದು ಹನಿ ಬಂದಿದ್ದರೂ ನಾನು ಸಹಿಸಿದವನಾ?"

ಅವಳಿಗೆ ತಡೆಯಲಾಗಲಿಲ್ಲ. ಹೊಟ್ಟೆಯ ಆಳದಿಂದ ಎದ್ದ ನಗು ಗಂಟಲಲ್ಲಿ ನಿಲ್ಲದೆ ಹೊರಗೆ ಚಿಮ್ಮಿತು. ಬಾಯಿಗೆ ಕರವಸ್ತ್ರ ತುರುಕಿಕೊಂಡಷ್ಟೂ ಉಕ್ಕಿತು. ಯಜಮಾನ ಅತ್ತಷ್ಟೂ ಇವಳು ನಕ್ಕಳು. ಹಿಂದಿನ ಸಾಲಿನಲ್ಲಿ ಮೊದಲು ಒಂದು ಗೊರಕೆಯಂಥ ಸದ್ದು, ಆಮೇಲೆ ಗಹಗಹ. ವಿತರಕರು ಮುಂದಿನ ಕುರ್ಚಿಯ ಬೆನ್ನು ಬಡಿಯುತ್ತ ನಗುತ್ತಿದ್ದರು. ಅವಳ ಕೈ ಅದುಮಿದ್ದ ಕೈ ತಣ್ಣಗಾಗಿ ತಾನಾಗಿ ಜಾರಿತು.

ದೀಪ ಹತ್ತಿದಾಗ ವಿತರಕರು ಕಣ್ಣೊರೆಸಿಕೊಳ್ಳುತ್ತ ಬಂದರು. "ಚಿತ್ರ ನನ್ನದು, ಆಯ್ತಾ? ಆ ಅಳೋ ಸೀನಿದೆಯಲ್ಲ, ಅದಕ್ಕೇ ದುಡ್ಡು ಸ್ವಾಮಿ. ಎಂಥಾ ಸುಳ್ಳುಬುರುಕ ಆ ಗಂಡ! ಅದು ಹೇಗ್ರೀ ಹೊಳೀತು ನಿಮಗೆ?"

ನಿರ್ದೇಶಕನ ಮುಖ ಒಂದು ಗಳಿಗೆ ಸುಣ್ಣದ ಗೋಡೆಯಾಯಿತು. ಮರುಗಳಿಗೆಯಲ್ಲಿ ಹಲ್ಲು ಬಿಟ್ಟ. "ಅದೇ ಸಾರ್ ಟ್ರಿಕ್ಕು! ಜನ ಸೀರಿಯಸ್ ಅಂದ್ಕೋಬೇಕು, ಹಾಗೆ ಬರೆದೆ."

ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ಮನೆಯತ್ತ ಹೊರಟಿತು. ಸಿಗ್ನಲ್ಲಿನ ಉದ್ದನೆಯ ಸಾಲಿನಲ್ಲಿ ನಿಂತಾಗ ಅವನು ಗಂಟಲು ಸರಿಮಾಡಿಕೊಂಡ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೂ ಚೆನ್ನಾಗಿತ್ತು.

"ಏನು ಗೊತ್ತಾ," ಎಂದ, "ಆ ಅಳೋ ಸೀನು ಇನ್ನೂ ಸ್ವಲ್ಪ ಎಳೀಲಾ?"

ಅವಳು ಅವನನ್ನೇ ನೋಡಿದಳು. "ಎಳೀರಿ. ಹೆಣಕ್ಕೇ ಸಾಕಾಗಿ ಎದ್ದು ಹೋಗೋವರೆಗೂ ಎಳೀರಿ."

ಅವನ ಕಣ್ಣು ಅರಳಿತು. "ಬೊಂಬಾಟ್ ಕಣೇ!" ಎಂದವನೇ ಫೋನು ಕಿವಿಗೆ ಹಚ್ಚಿ ಸಹಾಯಕನಿಗೆ ಬಡಬಡಿಸತೊಡಗಿದ. "ಬರ್ಕೊಳ್ಳಯ್ಯಾ, ಈಗ ತಾನೇ ಹೊಳೀತು ನನಗೆ! ಗಂಡ ಅಳ್ತಾನೇ ಇರ್ತಾನೆ, ಪಕ್ಕದಲ್ಲಿ ಹೆಣ ಮೆಲ್ಲಗೆ ಏಳುತ್ತೆ..."

ಅವಳು ಬಾಗಿಲು ತೆಗೆದು ಇಳಿದಳು. ನಿಂತ ವಾಹನಗಳ ನಡುವೆ ದಾರಿ ಮಾಡಿಕೊಂಡು ಫುಟ್‌ಪಾತ್ ಹತ್ತಿದಾಗಲೂ, ತೆರೆದ ಬಾಗಿಲಿಂದ ಅವನ ಉತ್ಸಾಹದ ದನಿ ಕೇಳಿಸುತ್ತಲೇ ಇತ್ತು:

"...ಎದ್ದು ಹೊರಟೇ ಹೋಗುತ್ತೆ ಕಣಯ್ಯಾ! ಈ ಪೆದ್ದನಿಗೆ ಗೊತ್ತೇ ಆಗಲ್ಲ, ಅದೇ ಕಾಮಿಡಿ!"