ಹುಣಸೆಹುಳಿಯಲ್ಲಿ ನೆನೆದ ಅರಸ

ತಾಮ್ರದ ಕೊಡಕ್ಕೆ ಹುಣಸೆಹಣ್ಣು ತಿಕ್ಕುವಾಗ ಏಳುವ ಹುಳಿ ವಾಸನೆಗೆ ಇಂದಿಗೂ ನನ್ನ ಕೈ ನಿಂತುಬಿಡುತ್ತದೆ.

ಲಕ್ಕುಂಡಿಯಲ್ಲಿ ನಮ್ಮ ಮಾಳಿಗೆ ಸೋರುತ್ತಿತ್ತು. ಅದರ ಮೇಲೆ ಹಾಕಲು ಊರಾಚೆಯ ಹಳೆಯ ದಿಬ್ಬದಿಂದ ತಂದ ಮಣ್ಣಿನಲ್ಲಿ ಅಜ್ಜನಿಗೆ ಒಂದು ತಾಮ್ರದ ನಾಣ್ಯ ಸಿಕ್ಕಿತು. ಹಸಿರು ಕಿಲುಬು ಹಿಡಿದಿತ್ತು. ಗದಗಿನ ಕಾಲೇಜಿನಿಂದ ಬಂದ ಇತಿಹಾಸದ ಸರ್ ಅದನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ರೋಮ್ ದೇಶದ್ದು ಅನಸ್ತೈತ್ರಿ," ಎಂದರು ಕೊನೆಗೆ. "ಅರಸನ ತಲಿ ಐತಿ, ಸುತ್ತ ಅಕ್ಷರ ಅದಾವ. ನಾಳಿ ಕ್ಯಾಮೆರಾ, ತಕ್ಕಡಿ ತರ್ತೀನಿ. ಅಕ್ಷರ ಓದಿದ್ರ ಯಾವ ಅರಸ ಅಂತ ಬರದಿಡಬಹುದು."

ಮರುದಿನ ಮಧ್ಯಾಹ್ನ ಅವರು ಬಂದಾಗ ಅಜ್ಜಿ ನಾಣ್ಯವನ್ನು ತಾಟಿನಲ್ಲಿಟ್ಟು ತಂದಳು. ಅದು ಹೊಸ ತಂಬಿಗೆಯಂತೆ ಹೊಳೆಯುತ್ತಿತ್ತು.

"ಫೋಟೋ ತಗಿತೀನಿ ಅಂದ್ರಲ್ರಿ, ಹೊಲಸ ಮಾರಿ ಹೆಂಗ ತೋರಸೂದು? ರಾತ್ರಿಯೆಲ್ಲಾ ಹುಣಸಿಹುಳಿಯಾಗ ನೆನಿಯಾಕ ಇಟ್ಟು, ನಾರಿಲೆ ತಿಕ್ಕೀನಿ."

ಸರ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅಕ್ಷರಗಳಿರಲಿಲ್ಲ. ಮೂಗಿನ ಗೆರೆಯೊಂದು ಉಳಿದಿತ್ತು, ಅಷ್ಟೇ. ಆದರೂ ತೂಕ ಮಾಡಿದರು, ಫೋಟೋ ತೆಗೆದರು, ಅರಸನ ಹೆಸರಿನ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಬರೆದುಕೊಂಡರು.

"ಈಗ ಚಂದ ಕಾಣಸ್ತಾನಲ್ರಿ ಅರಸ?" ಎಂದಳು ಅಜ್ಜಿ.

"ಹೌದ್ರಿ ಅವ್ವಾರ. ಚಂದ ಕಾಣಸ್ತಾನ."

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಅಜ್ಜ, ಬಚ್ಚಲಲ್ಲಿದ್ದ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅರಸ ರಾತ್ರಿಯೆಲ್ಲಾ ನೆನೆದಿದ್ದ ಹುಳಿನೀರು ಹಸಿರಾಗಿತ್ತು. ಅಜ್ಜಿ ಅದನ್ನು ಚೆಲ್ಲಲು ಬಗ್ಗಿದಳು.

"ಇರ್ಲಿ ಬಿಡ," ಅಂದ ಅಜ್ಜ. "ಚೆಲ್ಲಬ್ಯಾಡ."